ಗಲ್ಲಾ ಎಣಿಸಿ ವ್ಯಾಪಾರ ಕಂಡುಹಿಡಿಯೋದು

ಪಠ್ಯಪುಸ್ತಕದಲ್ಲಿ ಕ್ಯಾಶ್ ಬುಕ್ (ನಗದು ಲೆಕ್ಕದ ಪುಸ್ತಕ) ಸಲೀಸು: ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಎರಡು ರಜೆ ಕೂತಾಗ ತಿಳಿದದ್ದು ಬೇರೆ. ಅಲ್ಲಿ ಪ್ರತಿ ಗಿರಾಕಿಗೂ ಬಿಲ್ ಬರೆಯಲ್ಲ. ನಗದು ವ್ಯಾಪಾರ ಎಷ್ಟು ಅನ್ನೋದು ರಾತ್ರಿ ಗಲ್ಲಾ ಎಣಿಸಿದ ಮೇಲೇ ಗೊತ್ತಾಗೋದು.

ಒಂದು ದಿನದ ಲೆಕ್ಕ ನೋಡಿ. ರಾತ್ರಿ ಗಲ್ಲಾದಲ್ಲಿ 5,850 ರೂಪಾಯಿ. ಬೆಳಗ್ಗೆ ಚಿಲ್ಲರೆಗೆ ಇಟ್ಟಿದ್ದು 2,000, ಅದನ್ನು ಕಳೆಯಿರಿ. ಮಂಡಕ್ಕಿ ಚೀಲಗಳಿಗೆ ಕೊಟ್ಟ 2,400, ಅತ್ತೆ ಮನೆಖರ್ಚಿಗೆ ಒಯ್ದ 500 ಕೂಡಿಸಿ. ಹಳೇ ಉದ್ರಿ ವಸೂಲಾದ 500 ಕಳೆಯಿರಿ. ನಗದು ವ್ಯಾಪಾರ 6,250. ಯುಪಿಐ 3,800, ಹೊಸ ಉದ್ರಿ 700 ಸೇರಿದರೆ ದಿನದ ವ್ಯಾಪಾರ 10,750.

ಎಡವೋದು ಇಲ್ಲೇ. ಅತ್ತೆಯ 500 ಬರೆಯದೇ ಹೋದರೆ ಗಲ್ಲಾ ಕಮ್ಮಿ ಬಂತು ಅಂತ ಯಾರೂ ಹೇಳಲ್ಲ, ವ್ಯಾಪಾರವೇ 500 ಕಮ್ಮಿ ಕಾಣುತ್ತೆ. ಉದ್ರಿ ವಸೂಲಿಯನ್ನು ಕಳೆಯದಿದ್ದರೆ ಅದೇ ಸರಕು ಎರಡು ಸಲ ಮಾರಿದ ಹಾಗೆ, ಯಾಕಂದ್ರೆ ಕೊಟ್ಟ ದಿನವೇ ಅದು ವ್ಯಾಪಾರಕ್ಕೆ ಸೇರಿದೆ. ಇನ್ನು ಮನೆಗೆ ಒಯ್ದದ್ದು ಅಂಗಡಿ ಖರ್ಚಲ್ಲ, ಮಾಲೀಕನ ಬಂಡವಾಳದಲ್ಲಿ ಕಳೆಯೋದು. (ಮಾವನಿಗೆ ಇದನ್ನ ಒಪ್ಪಿಸೋಕೆ ಒಂದು ವಾರ ಹಿಡೀತು.)

ಯುಪಿಐಗೆ ಅಂಗಡಿಯದ್ದೇ ಬೇರೆ ಖಾತೆ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ತಮ್ಮನ ಕಾಲೇಜು ಫೀಸು, ಗೆಳೆಯನ ಕೈಸಾಲ ಎಲ್ಲಾ ಒಂದೇ ಕ್ಯೂಆರ್‌ಗೆ ಬಿದ್ದಿದ್ದರೆ, ಯಾವುದು ವ್ಯಾಪಾರ ಯಾವುದಲ್ಲ ಅಂತ ಬಿಡಿಸಿ ಹೇಳೋದು ಯಾರು? ಹಾಲು, ತರಕಾರಿಗೆ ತೆರಿಗೆಯೇ ಇಲ್ಲ ನಿಜ, ಆದರೆ ಮಾರಿದ್ದು ಅದನ್ನೇ ಅಂತ ತೋರಿಸೋಕೆ ಖರೀದಿ ಚೀಟಿ ಬೇಕು.

ಮಾವ ಹೊಸ ಪುಸ್ತಕಕ್ಕೆ ಪೂಜೆ ಮಾಡೋದು ದೀಪಾವಳಿ ಪಾಡ್ಯಕ್ಕೆ. ತೆರಿಗೆಯ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಆ ರಾತ್ರಿ ಶಟರ್ ಎಳೆದು ದಾಸ್ತಾನು ತೂಗಿದೆವು. ಬೆಲೆ ಹಾಕೋದು ಕೊಂಡ ದರಕ್ಕೆ, ಮಾರಿದರೆ ಸಿಗೋದು ಅದಕ್ಕಿಂತ ಕಮ್ಮಿ ಅನ್ನಿಸಿದರೆ ಆ ಕಮ್ಮಿ ದರಕ್ಕೆ. ಮೂಲೆಯಲ್ಲಿ ಹುಳ ಬಿದ್ದ ಕಡಲೆಬೇಳೆ ಅರ್ಧ ಚೀಲ ಇತ್ತು. ಮಾವ ಅದನ್ನೂ ಪೂರ್ತಿ ದರಕ್ಕೇ ಬರೆಸಿದ್ದರು, ನಾನು ಹೊಡೆದುಹಾಕಿ ಸೊನ್ನೆ ಬರೆದೆ.