ಒಟ್ಟಾವಾದ ಗೋಡೆಯಲ್ಲಿ ಬಿಟ್ಟ ಜಾಗ

ಸ್ಮಾರಕ ಮಾಡಿಸಲು ನಮ್ಮ ಆಫೀಸಿಗೆ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಅಡಿ ಎತ್ತರ ಮಾಡಬಹುದು ಮೇಡಂ?" ಜಾಗ ಇನ್ನೂ ನೋಡಿರುವುದಿಲ್ಲ. ಜನ ಯಾವ ಕಡೆಯಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ನೆರಳು ಎಲ್ಲಿ, ಯಾವುದೂ ಗೊತ್ತಿರುವುದಿಲ್ಲ. ಎತ್ತರ ಮಾತ್ರ ಪಕ್ಕಾ ಆಗಬೇಕು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆದ ನಾನು ಆಗೆಲ್ಲ ಒಟ್ಟಾವಾದ ಒಂದು ಸ್ಮಾರಕದ ಫೋಟೋ ತೆಗೆದು ಮುಂದಿಡುತ್ತೇನೆ.

ಕೆನಡಾದ ರಾಜಧಾನಿಯಲ್ಲಿ ಸಸೆಕ್ಸ್ ಡ್ರೈವ್ ಅಂತ ಒಂದು ರಸ್ತೆ. ಅಲ್ಲಿ ನ್ಯಾಷನಲ್ ಗ್ಯಾಲರಿಯ ಮುಂದೆ ಒಂದು ದೈತ್ಯ ಜೇಡ ನಿಂತಿದೆ. ಮಕ್ಕಳನ್ನು ನೋಡಲು ಊರಿಂದ ಹೋದ ಅಪ್ಪ ಅಮ್ಮಂದಿರೆಲ್ಲ ಆ ಜೇಡದ ಕಾಲ ಕೆಳಗೆ ಫೋಟೋ ತೆಗೆಸಿಕೊಂಡಿರುತ್ತಾರೆ. ಅಲ್ಲೇ ಹತ್ತಿರ, ರಸ್ತೆಗಳ ನಡುವಿನ ತುಂಡು ಜಾಗದಲ್ಲಿ, ಕೆನಡಾದ ಶಾಂತಿಪಾಲನಾ ಸ್ಮಾರಕ ಇದೆ. ಹೆಸರು 'ರಿಕನ್ಸಿಲಿಯೇಷನ್'. ನಮ್ಮ ಮಾತಲ್ಲಿ ಹೇಳುವುದಾದರೆ, ಜಗಳ ಆಡಿದವರು ಮತ್ತೆ ಒಂದಾಗುವುದು. ವಿಶ್ವಸಂಸ್ಥೆಯ ಶಾಂತಿಪಾಲಕರಿಗೆ, ಅಂದರೆ ಜಗಳದ ಎರಡು ಪಕ್ಷಗಳ ನಡುವೆ ನಿಂತು ಶಾಂತಿ ಕಾಯುವ ಸೈನಿಕರಿಗೆ, 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆಮೇಲೆ ಹುಟ್ಟಿದ ಯೋಚನೆ ಇದು. ತೆರೆದದ್ದು 1992ರ ಅಕ್ಟೋಬರ್ 8ರಂದು. ಕಂಚಿನ ಮೂರ್ತಿಗಳು ಜ್ಯಾಕ್ ಹಾರ್ಮನ್ ಅವರದ್ದು, ಜಾಗದ ವಿನ್ಯಾಸ ರಿಚರ್ಡ್ ಹೆನ್ರಿಕೆಜ್ ಅವರದ್ದು, ಗಿಡಮರದ ಕೆಲಸ ಕಾರ್ನೀಲಿಯಾ ಓಬರ್‌ಲ್ಯಾಂಡರ್ ಅವರದ್ದು.

ಮುಂದೆ ನಿಂತು ನೋಡಿದರೆ ಮೇಲೆ ಮೂವರು ಸೈನಿಕರು ಕಾಣುತ್ತಾರೆ, ಅಷ್ಟೇ. ಒಬ್ಬನ ಕೈಯಲ್ಲಿ ದುರ್ಬೀನು. ಇನ್ನೊಬ್ಬಳು ರೇಡಿಯೋ ನೋಡಿಕೊಳ್ಳುವವಳು. ಮತ್ತೊಬ್ಬ ಕಾವಲಿಗೆ ನಿಂತವನು. ಮೊದಲ ಸಲ ನಾನೂ ಹಾಗೇ ನೋಡಿ, ಸರಿ, ಇದೂ ಒಂದು ಪ್ರತಿಮೆ ಅಂತ ಹೊರಟುಬಿಟ್ಟಿದ್ದೆ. ತಪ್ಪು ನನ್ನದೇ. ಈ ಸ್ಮಾರಕಕ್ಕೆ ಹಿಂದಿನಿಂದ ಬರಬೇಕು.

ಹಿಂದೆ ಇರುವುದು ಬಿದ್ದುಹೋದ ಊರು. ಒಡೆದ ಕಾಂಕ್ರೀಟಿನ ತುಂಡುಗಳು, ಸೊಟ್ಟಗಾದ ಕಂಬಿಗಳು. ಎರಡು ಪಕ್ಕದಲ್ಲಿ ಎರಡು ಕಲ್ಲಿನ ಗೋಡೆಗಳು ಈ ಅವಶೇಷದೊಳಗಿಂದ ಎದ್ದು, ಮೇಲೇರುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಅವು ಸೇರುವ ತುದಿಯಲ್ಲಿ ಆ ಮೂವರು. ಅವರ ಬೆನ್ನು ಅವಶೇಷದ ಕಡೆಗೆ, ಮುಖ ಓಕ್ ಮರಗಳ ಕಡೆಗೆ. ಅಂದರೆ ಎರಡು ಗೋಡೆಗಳು ಎರಡು ಪಕ್ಷಗಳು. ಇವರು ಯಾವುದಕ್ಕೂ ಸೇರಿದವರಲ್ಲ, ಅವು ಕೂಡುವ ಜಾಗದಲ್ಲಿ ಸುಮ್ನೆ ನಿಂತವರು. ಎದುರಿಗೆ ಶತ್ರು ಇಲ್ಲ, ಕಾಲ ಕೆಳಗೆ ಸೋತವನೂ ಇಲ್ಲ.

ಇದನ್ನು ನನಗಿಂತ ಬೇಗ ಹಿಡಿದವರು ಗೆಳತಿಯ ತಂದೆ. ಮಡಿಕೇರಿ ಕಡೆಯ ಕಾಫಿ ಬೆಳೆಗಾರರು. ಮಗಳ ಮನೆಗೆ ಬಂದವರನ್ನು ಒಂದು ಸಂಜೆ ಕರೆದುಕೊಂಡು ಹೋಗಿದ್ದೆ. ಸುತ್ತ ಒಂದು ಸಲ ನಡೆದು ಕೇಳಿದರು: "ಅಲ್ಲಮ್ಮಾ, ಇಲ್ಲಿ ಗೆದ್ದವರು ಯಾರು?"

"ಯಾರೂ ಇಲ್ಲ ಅಂಕಲ್."

"ಹಾಗಾದ್ರೆ ಕಷ್ಟದ ಕೆಲಸ ಬಿಡು" ಅಂದರು.

ನಿಜವಾಗಿ ಕಷ್ಟ. ಯುದ್ಧದ ಸ್ಮಾರಕಕ್ಕೆ ಶುರು ಮತ್ತು ಮುಗಿದ ಇಸವಿ ಇರುತ್ತದೆ. ಎರಡನ್ನೂ ಕೆತ್ತಿ, ಕೆಳಗೆ ಹೆಸರುಗಳನ್ನು ಕೆತ್ತಿದರೆ ಆಯಿತು. ಶಾಂತಿ ಕಾಯುವ ಕೆಲಸಕ್ಕೆ ಮುಗಿದ ಇಸವಿ ಎಲ್ಲಿಂದ ತರುವುದು? ಒಟ್ಟಾವಾದ ಗೋಡೆಯಲ್ಲಿ ಸೈನಿಕರ ಹೆಸರುಗಳಿಲ್ಲ. ಕಾರ್ಯಾಚರಣೆಗಳ ಹೆಸರು, ಇಸವಿ ಇವೆ. ಆಮೇಲೆ ಬರುವ ಕಾರ್ಯಾಚರಣೆಗಳಿಗೆ ಜಾಗ ಬಿಟ್ಟಿದ್ದಾರೆ. ಇಡೀ ಸ್ಮಾರಕದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ಖಾಲಿ ಕಲ್ಲು.

ಇಷ್ಟವಾಗಲು ಕಾರಣ ಇದೆ. ಬಹಳ ಹಿಂದೆ ಒಂದು ಊರಿಗೆ ಹುತಾತ್ಮರ ಕಲ್ಲು ಮಾಡಿಕೊಟ್ಟಿದ್ದೆ. ಅಕ್ಷರ, ಅಂಚು, ಅಂತರ ಎಲ್ಲ ಅಳತೆಗೆ ಸರಿಯಾಗಿ, ಚೌಕಟ್ಟು ತುಂಬುವ ಹಾಗೆ ಹೆಸರು ಕೂರಿಸಿದೆ. ಎಲ್ಲರೂ ಹೊಗಳಿದರು. ಎರಡೇ ವರ್ಷಕ್ಕೆ ಅದೇ ಊರಿನ ಇನ್ನೊಬ್ಬ ಹುಡುಗ ಹೋದ. ಅವನ ಹೆಸರಿಗೆ ಜಾಗ ಇಲ್ಲ. ಕೊನೆಗೆ ಕೆಳಗಿನ ಕಟ್ಟೆಗೆ ಹಿತ್ತಾಳೆ ತಗಡು ಇಟ್ಟು ನಾಲ್ಕು ಸ್ಕ್ರೂ ಹೊಡೆದರು. ಮಳೆಗಾಲ ಕಳೆದ ಮೇಲೆ ನೋಡಿದರೆ ಸ್ಕ್ರೂಗಳ ತುಕ್ಕು ಇಳಿದು ಕಲ್ಲೆಲ್ಲ ಕಂದು. ಅವನ ತಾಯಿ ಅದನ್ನು ಸೆರಗಿನಲ್ಲಿ ಒರೆಸುತ್ತಿದ್ದರು.

ಒಟ್ಟಾವಾದವರೂ ಎಲ್ಲ ಲೆಕ್ಕವನ್ನೂ ಸರಿ ಹಾಕಲಿಲ್ಲ ಅನ್ನಿ. ಅಲ್ಲಿನ ಓಕ್ ಮರಗಳು 12. ಆಗ ಕೆನಡಾದಲ್ಲಿದ್ದ ಹತ್ತು ಪ್ರಾಂತ್ಯ, ಎರಡು ಪ್ರದೇಶಗಳಿಗೆ ಒಂದೊಂದು. 1999ರಲ್ಲಿ ನೂನಾವುಟ್ ಬೇರೆ ಪ್ರದೇಶವಾಗಿ ಪ್ರಾಂತ್ಯ, ಪ್ರದೇಶಗಳ ಲೆಕ್ಕ 13 ಆಯಿತು. ಮರದ ಸಂಖ್ಯೆಗೆ ಅರ್ಥ ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು ಅಂತ ನನ್ನ ಕಿರಿಯರಿಗೆ ಹೇಳುವಾಗ ಈ ಉದಾಹರಣೆ ಕೊಡುತ್ತೇನೆ.

ಕಂಚು ಆರುವ ಮೊದಲೇ ದೊಡ್ಡ ಪೆಟ್ಟು ಬಿತ್ತು. 1993ರಲ್ಲಿ ಸೊಮಾಲಿಯಾಗೆ ಹೋಗಿದ್ದ ಕೆನಡಾ ಸೈನಿಕರು ಒಬ್ಬ ಹದಿಹರೆಯದ ಹುಡುಗನನ್ನು ಹೊಡೆದು ಕೊಂದರು. ಆ ಸೈನಿಕರಿದ್ದ ಏರ್‌ಬೋರ್ನ್ ರೆಜಿಮೆಂಟ್ ಅನ್ನುವ ಪಡೆಯನ್ನೇ 1995ರಲ್ಲಿ ವಿಸರ್ಜಿಸಿದರು. ಅದೇ 1995ರಲ್ಲಿ ಒಂದು ಡಾಲರಿನ ನಾಣ್ಯದ ಮೇಲೆ ಈ ಸ್ಮಾರಕದ ಚಿತ್ರವೂ ಬಂತು. ಆಗ ಸಾವಿರಗಟ್ಟಲೆ ಸೈನಿಕರನ್ನು ಕಳಿಸುತ್ತಿದ್ದ ದೇಶ ಈಗ ವಿಶ್ವಸಂಸ್ಥೆಗೆ ಕಳಿಸುವುದು ನೂರಕ್ಕಿಂತ ಕಡಿಮೆ. ಭಾರತ ಇವತ್ತಿಗೂ ಸಾವಿರಗಳ ಲೆಕ್ಕದಲ್ಲೇ ಕಳಿಸುತ್ತಿದೆ. ಇದನ್ನು ತಿಳಿದುಕೊಂಡು ನೋಡಿದರೆ ಆ ಮೂವರ ಮುಖ ಬೇರೆಯೇ ಕಾಣುತ್ತದೆ.

ಹೋಗುವವರು ಸಾಧ್ಯವಾದರೆ ಆಗಸ್ಟ್ 9ರ ಆಸುಪಾಸಿನಲ್ಲಿ ಹೋಗಿ. 1974ರ ಆ ದಿನ ಸಿರಿಯಾದ ಮೇಲೆ ವಿಶ್ವಸಂಸ್ಥೆಯ ವಿಮಾನವನ್ನು ಹೊಡೆದುರುಳಿಸಿದರು, ಒಂಬತ್ತು ಕೆನಡಿಯನ್ನರು ಸತ್ತರು. ಕೆನಡಾದಲ್ಲಿ ಅದು ಶಾಂತಿಪಾಲಕರ ದಿನ.

ಅಂಕಲ್ ಗೋಡೆಯ ಮೇಲಿನ ಹೆಸರುಗಳನ್ನು ಓದುತ್ತಾ ಓದುತ್ತಾ ಸೈಪ್ರಸ್ ಸಿಕ್ಕಾಗ ನಿಂತುಬಿಟ್ಟರು. "ನಮ್ಮ ತಿಮ್ಮಯ್ಯ ಇದ್ದದ್ದು ಇಲ್ಲೇ ಅಲ್ವಾ?" ಹೌದು. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಜನರಲ್ ಕೆ.ಎಸ್. ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿ ಹೋದರು. ಕೆನಡಾದ ತುಕಡಿಯೂ ಅವರ ಕೈಕೆಳಗೇ ಇತ್ತು. 1965ರ ಡಿಸೆಂಬರ್ 18ರಂದು ಅಲ್ಲೇ, ಡ್ಯೂಟಿಯಲ್ಲಿದ್ದಾಗಲೇ ತೀರಿಕೊಂಡರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ. ನಾನು ಮೂರು ಸಲ ಬಂದು ಹೋದರೂ ಗಮನಿಸದ ಸಾಲು ಅದು.

"ಆ ಸೈಪ್ರಸ್ ಗಲಾಟೆ ಮುಗೀತಾ ಕೊನೆಗೆ?" ಅಂತ ಕೇಳಿದರು.

"ಇಲ್ಲ ಅಂಕಲ್. ಇನ್ನೂ ಎರಡು ಭಾಗವಾಗೇ ಇದೆ. ಪಡೆಯೂ ಇನ್ನೂ ಅಲ್ಲೇ ಇದೆ."

ಅವರು ಬೆರಳಿನಿಂದ ಆ ಸಾಲನ್ನು ಒಮ್ಮೆ ಸವರಿ, ನೆರಳು ಹುಡುಕಿಕೊಂಡು ಓಕ್ ಮರಗಳ ಕಡೆ ನಡೆದರು.