‘ದಿ ವಿಜ್’ ನಾಟಕ 1939ರ ಸಿನಿಮಾದ ಮರುರೂಪವೇ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ‘ದಿ ವಿಜ್’ ಎಂಬ ಸಂಗೀತ ನಾಟಕ, ಜೂಡಿ ಗಾರ್ಲಂಡ್ ನಟಿಸಿದ ಹಳೆಯ ಸಿನಿಮಾ ‘ದಿ ವಿಜರ್ಡ್ ಆಫ್ ಆಜ್’ ಅನ್ನೇ ಕಪ್ಪು ಕಲಾವಿದರಿಂದ ಆಡಿಸಿದ್ದು ತಾನೇ? ಹಾಗಿದ್ದ ಮೇಲೆ ಅದರಲ್ಲಿ ಹೊಸದೇನಿದೆ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ‘ವಿಕೆಡ್’ ಸಿನಿಮಾ ಬಂದು ಆಜ್ ಎಂಬ ಮಾಯಾಲೋಕದ ಕಥೆಗಳಲ್ಲಿ ಹೊಸ ಓದುಗರಿಗೆ ಆಸಕ್ತಿ ಹುಟ್ಟಿದ ಮೇಲೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ತಪ್ಪಿಲ್ಲ, ಆದರೆ ಉತ್ತರ ಕೇಳಿದ ಮೇಲೂ ‘ಏನೇ ಹೇಳಿ, ಮೂಲ ಆ ಸಿನಿಮಾವೇ ಅಲ್ಲವೇ’ ಎನ್ನುವವರನ್ನು ಕಂಡಾಗ ಸ್ವಲ್ಪ ಬೇಸರವಾಗುತ್ತದೆ. ಆದ್ದರಿಂದ ಈ ಬಾರಿ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೇ ಮುಂದಿಡುತ್ತೇನೆ.

ಎಲ್. ಫ್ರಾಂಕ್ ಬಾಮ್ ಬರೆದ, ಡಬ್ಲ್ಯು. ಡಬ್ಲ್ಯು. ಡೆನ್ಸ್‌ಲೋ ಚಿತ್ರಗಳಿದ್ದ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಆಜ್’ ಎಂಬ ಮಕ್ಕಳ ಕಾದಂಬರಿ 1900ರಲ್ಲಿ ಪ್ರಕಟವಾಯಿತು. ಸುಂಟರಗಾಳಿಗೆ ಸಿಕ್ಕಿ ಆಜ್ ಲೋಕಕ್ಕೆ ಬಂದು ಬಿದ್ದ ಡೊರೊತಿ ಎಂಬ ಬಾಲೆ, ಬೆದರುಬೊಂಬೆ, ತಗಡಿನ ಮನುಷ್ಯ, ಸಿಂಹಗಳ ಜೊತೆ ಪಚ್ಚೆಯ ನಗರದ ಮಾಂತ್ರಿಕನನ್ನು ಹುಡುಕಿ ಹೋಗಿ, ಕೊನೆಗೆ ಮನೆಗೆ ಮರಳುವ ಕಥೆ ಅದು. ಎರಡೇ ವರ್ಷಗಳಲ್ಲಿ, ಅಂದರೆ 1902ರಲ್ಲಿ, ಅದು ಷಿಕಾಗೋದಲ್ಲಿ ಸಂಗೀತ ನಾಟಕವಾಗಿ ರಂಗವೇರಿ, ಮರುವರ್ಷ ನ್ಯೂಯಾರ್ಕ್‌ನ ಪ್ರಸಿದ್ಧ ರಂಗಮಂದಿರಗಳ ವಲಯವಾದ ಬ್ರಾಡ್‌ವೇಗೂ ಬಂತು. ನೀವು ಹೇಳುವ, ಎಂಜಿಎಂ ಸಂಸ್ಥೆಯ 1939ರ ಸಿನಿಮಾ ಹುಟ್ಟಿದ್ದು ಅದಾದ ಮೂರೂವರೆ ದಶಕಗಳ ನಂತರ. 1956ರಲ್ಲಿ ಕಾದಂಬರಿಯ ಹಕ್ಕುಸ್ವಾಮ್ಯದ ಅವಧಿ ಮುಗಿದು ಅದು ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಅದರಿಂದ ನಾಟಕ ಕಟ್ಟಬಹುದಿತ್ತು. ಸಿನಿಮಾದ ಹಾಡುಗಳು, ಸಿನಿಮಾದವರೇ ಹೊಸದಾಗಿ ಸೇರಿಸಿದ ವಿವರಗಳು ಮಾತ್ರ ಸಂಸ್ಥೆಯ ಆಸ್ತಿಯಾಗಿಯೇ ಉಳಿದಿದ್ದವು. ‘ದಿ ವಿಜ್’ ಕಟ್ಟಿದವರು ಆ ಆಸ್ತಿಯ ಗೊಡವೆಗೆ ಹೋಗದೆ ನೇರವಾಗಿ ಪುಸ್ತಕಕ್ಕೆ ಹೋದರು. ಗದುಗಿನ ಭಾರತವನ್ನು ಓದಿ ಪ್ರಸಂಗ ಬರೆದ ಕವಿಯನ್ನು ಹಿಡಿದು, ದೂರದರ್ಶನದ ಮಹಾಭಾರತವನ್ನು ನಕಲು ಮಾಡಿದಿರಲ್ಲ ಎಂದು ಕೇಳಿದರೆ ಎಷ್ಟು ಅನ್ಯಾಯವೋ, ಈ ಆರೋಪವೂ ಅಷ್ಟೇ ಅನ್ಯಾಯ.

ತಪ್ಪು ಕಲ್ಪನೆ ಏಕೆ ಬೇರೂರಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. 1956ರಲ್ಲಿ ಮೊದಲ ಬಾರಿ ಅಮೆರಿಕದ ಟಿವಿಯಲ್ಲಿ ಪ್ರಸಾರವಾದ ಆ ಸಿನಿಮಾ, 1959ರಿಂದ ವರ್ಷಕ್ಕೊಮ್ಮೆ ಮನೆಮನೆಗೂ ಬರತೊಡಗಿತು. ಒಂದಿಡೀ ತಲೆಮಾರು ಪುಸ್ತಕವನ್ನು ತೆರೆಯದೆಯೇ ಕಥೆಯನ್ನು ಬಾಯಿಪಾಠ ಮಾಡಿಕೊಂಡಿತು. ಅವರಿಗೆ ಡೊರೊತಿಯ ಪಾದರಕ್ಷೆ ಎಂದರೆ ಕೆಂಪು ಮಾಣಿಕ್ಯದ್ದೇ. ಆದರೆ ಬಾಮ್‌ನ ಪುಸ್ತಕದಲ್ಲಿ ಅವು ಬೆಳ್ಳಿಯವು. ಮಾಣಿಕ್ಯದ ಬಣ್ಣ ಸಿನಿಮಾದವರ ಸೇರ್ಪಡೆ. ‘ದಿ ವಿಜ್’ನ ಡೊರೊತಿ ತೊಡುವುದು ಬೆಳ್ಳಿಯ ಪಾದರಕ್ಷೆಗಳನ್ನೇ.

ಇದೊಂದೇ ಸಾಕ್ಷ್ಯವಾಗಿದ್ದರೆ ಕಾಕತಾಳೀಯವೆಂದು ತಳ್ಳಿಹಾಕಬಹುದಿತ್ತು. ಪುಸ್ತಕದಲ್ಲಿ ಉತ್ತರ ದಿಕ್ಕಿನ ಒಳ್ಳೆಯ ಮಾಟಗಾತಿ ಬೇರೆ, ದಕ್ಷಿಣದ ಗ್ಲಿಂಡಾ ಬೇರೆ. ಸಿನಿಮಾ ಇಬ್ಬರನ್ನೂ ಸೇರಿಸಿ ಒಬ್ಬಳನ್ನಾಗಿಸಿತು. ನಾಟಕದಲ್ಲಿ ಅವರು ಮತ್ತೆ ಇಬ್ಬರಾಗಿದ್ದಾರೆ: ಆರಂಭದಲ್ಲಿ ಬರುವ ತಮಾಷೆಯ ಆಡಾಪರ್ಲ್, ಕೊನೆಯಲ್ಲಿ ಬರುವ ಗ್ಲಿಂಡಾ. ದಾರಿಯಲ್ಲಿ ಅಡ್ಡಗಟ್ಟುವ, ಕರಡಿಯ ಮೈ ಮತ್ತು ಹುಲಿಯ ತಲೆಯ ಕಲೀಡಾಗಳು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಪುಸ್ತಕದಲ್ಲಿವೆ, ನಾಟಕದಲ್ಲೂ ಇವೆ. ಅಮಲೇರಿಸುವ ಹೂದೋಟದಲ್ಲಿ ಮೈಮರೆತ ಸಿಂಹವನ್ನು ಪುಸ್ತಕದಲ್ಲಿ ಹೊರಗೆಳೆಯುವುದು ಹೊಲದ ಇಲಿಗಳು. ಸಿನಿಮಾದಲ್ಲಿ ಅಲ್ಲಿ ಹಿಮ ಸುರಿಯುತ್ತದೆ, ನಾಟಕದಲ್ಲಿ ಮತ್ತೆ ಇಲಿಗಳೇ ಬರುತ್ತವೆ. ಪಚ್ಚೆಯ ನಗರವನ್ನು ಹೊಗುವವರಿಗೆ ಹಸಿರು ಕನ್ನಡಕ ತೊಡಿಸುವ ಪದ್ಧತಿಯೂ ಹೀಗೆಯೇ ಪುಸ್ತಕದಿಂದ ಬಂದದ್ದು. ಇನ್ನು, ಸಿನಿಮಾದಲ್ಲಿ ಇಡೀ ಪ್ರಯಾಣ ಡೊರೊತಿ ಕಂಡ ಕನಸಾಗಿ ಮುಗಿಯುತ್ತದೆ. ಬಾಮ್‌ನ ಡೊರೊತಿಗೆ ಅದು ಕನಸಲ್ಲ, ‘ದಿ ವಿಜ್’ನ ಡೊರೊತಿಗೂ ಅಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ತೂಕದ ಸಾಕ್ಷ್ಯ ಬೇರೊಂದಿದೆ. ಪಶ್ಚಿಮದ ದುಷ್ಟ ಮಾಟಗಾತಿಯ ಕೈಕೆಳಗಿರುವ ವಿಂಕಿಗಳನ್ನು ಸಿನಿಮಾ ಕೋಟೆಯ ಕಾವಲುಗಾರರನ್ನಾಗಿ ತೋರಿಸುತ್ತದೆ. ಮಾಟಗಾತಿ ಕರಗಿದೊಡನೆ ಅವರು ಡೊರೊತಿಗೆ ಜೈಕಾರ ಹಾಕುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯುತ್ತದೆ. ಬಾಮ್‌ನ ಪುಸ್ತಕದ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ವಿಂಕಿಗಳು ವರ್ಷಗಟ್ಟಲೆ ಕ್ರೌರ್ಯವನ್ನು ಸಹಿಸಿದ ಗುಲಾಮರು. ಡೊರೊತಿ ಮಾಡುವ ಮೊದಲ ಕೆಲಸವೇ ಅವರನ್ನೆಲ್ಲ ಕರೆದು, ನೀವಿನ್ನು ಗುಲಾಮರಲ್ಲ ಎಂದು ಹೇಳುವುದು. ಅವರು ಆ ದಿನವನ್ನು ಉಂಡು ಕುಣಿದು ಹಬ್ಬವಾಗಿ ಆಚರಿಸುತ್ತಾರೆ, ಮುಂದೆಯೂ ಅದು ಅವರ ಹಬ್ಬದ ದಿನವಾಗಿಯೇ ಉಳಿಯುತ್ತದೆ. ‘ದಿ ವಿಜ್’ನಲ್ಲಿ ಎವಿಲೀನ್ ಎಂಬ ಮಾಟಗಾತಿ ನಾಶವಾದಾಗ ಇದೇ ಘಟ್ಟ ಒಂದು ಪೂರ್ಣ ಹಾಡಾಗಿ, ಕುಣಿತವಾಗಿ, ಸಂಭ್ರಮದ ಸ್ಫೋಟವಾಗಿ ಅರಳುತ್ತದೆ. ‘ಎವ್ರಿಬಡಿ ರಿಜಾಯ್ಸ್’ ಎಂಬ ಆ ಹಾಡನ್ನು ಬರೆದವರು ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ, ಮುಂದೆ ಗಾಯಕರಾಗಿ ಪ್ರಸಿದ್ಧರಾದ ಲೂಥರ್ ವ್ಯಾಂಡ್ರಾಸ್. ಗುಲಾಮಗಿರಿಯಿಂದ ಬಿಡುಗಡೆ ಪಡೆದವರ ವಂಶಸ್ಥರೇ ರಂಗದ ಮೇಲೆ ನಿಂತು ಈ ಬಿಡುಗಡೆಯನ್ನು ಹಾಡಿದಾಗ, ಪುಸ್ತಕದಲ್ಲಿ ಎಪ್ಪತ್ತೈದು ವರ್ಷಗಳಿಂದ ಕೆಲವೇ ಸಾಲುಗಳಾಗಿ ಕುಳಿತಿದ್ದ ಸಂಗತಿಗೆ ತಕ್ಕ ಬಾಯಿ ಸಿಕ್ಕಿತು. ಸಿನಿಮಾವನ್ನು ನಕಲು ಮಾಡಿದ್ದರೆ ಇದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈಗ ‘ಹೊಸದೇನಿದೆ’ ಎಂಬ ಎರಡನೆಯ ಭಾಗಕ್ಕೆ ಬರುತ್ತೇನೆ. ಪಾತ್ರಧಾರಿಗಳೆಲ್ಲರೂ ಕಪ್ಪು ಕಲಾವಿದರು ಎಂಬುದು ನಿಜ; ಆದರೆ ವೇಷ ತೊಟ್ಟವರ ಬಣ್ಣ ಬದಲಾದ ಮಾತ್ರಕ್ಕೆ ನಾಟಕ ಹೊಸದಾಗುವುದಿಲ್ಲ. ಚಾರ್ಲಿ ಸ್ಮಾಲ್ಸ್ ರಚಿಸಿದ ಹಾಡುಗಳಲ್ಲಿ ಗಾಸ್ಪೆಲ್, ಬ್ಲೂಸ್, ಸೋಲ್ ಎಂಬ ಕಪ್ಪು ಅಮೆರಿಕನ್ನರ ಸಂಗೀತ ಪ್ರಕಾರಗಳ ಉಸಿರಿದೆ. ಪಾತ್ರಗಳು ಆಡುವುದು ಅಂದಿನ ಕಪ್ಪು ಅಮೆರಿಕದ ಬೀದಿ, ಮನೆ, ಚರ್ಚುಗಳ ಮಾತು. ನಿರ್ಮಾಪಕ ಕೆನ್ ಹಾರ್ಪರ್, ನೃತ್ಯ ಸಂಯೋಜಕ ಜಾರ್ಜ್ ಫೈಸನ್, ಟ್ರಿನಿಡಾಡ್‌ನಲ್ಲಿ ಹುಟ್ಟಿ ನರ್ತಕರೂ ಚಿತ್ರಕಾರರೂ ಆಗಿದ್ದ ನಿರ್ದೇಶಕ ಜೆಫ್ರಿ ಹೋಲ್ಡರ್, ಎಲ್ಲರೂ ಕಪ್ಪು ಕಲಾವಿದರೇ. ಸಂಭಾಷಣೆಯ ಪಠ್ಯ ಬರೆದ ವಿಲಿಯಂ ಎಫ್. ಬ್ರೌನ್ ಮಾತ್ರ ಬಿಳಿಯರು. ಇದನ್ನು ಮುಚ್ಚಿಡುವ ಅಗತ್ಯವೂ ಇಲ್ಲ, ಅದರಿಂದ ನಾಟಕದ ಗುಣಕ್ಕೆ ಕುಂದೂ ಇಲ್ಲ.

ಹೋಲ್ಡರ್ ಅವರ ರಂಗಕಲ್ಪನೆಯನ್ನು ಹೇಳದೆ ಮುಂದೆ ಹೋಗಲಾರೆ. ಸುಂಟರಗಾಳಿಯನ್ನು ಯಂತ್ರಗಳಿಂದ ತೋರಿಸುವ ಬದಲು ಅವರು ಒಬ್ಬ ನರ್ತಕಿಯನ್ನೇ ಸುಂಟರಗಾಳಿಯನ್ನಾಗಿಸಿದರು. ಆಕೆ ಸುತ್ತಿದಂತೆ ಉದ್ದನೆಯ ಕಪ್ಪು ಬಟ್ಟೆ ಬಿಚ್ಚಿಕೊಳ್ಳುತ್ತಾ ರಂಗವನ್ನೇ ಆವರಿಸುತ್ತಿತ್ತು. ಹಳದಿ ಇಟ್ಟಿಗೆಯ ರಸ್ತೆಯೂ ನೆಲಕ್ಕೆ ಬಳಿದ ಬಣ್ಣವಾಗಿರಲಿಲ್ಲ. ಹಳದಿ ಉಡುಪಿನ ನಾಲ್ವರು ನರ್ತಕರೇ ರಸ್ತೆಯಾಗಿ ಡೊರೊತಿಯ ಜೊತೆ ನಡೆದರು. ರಂಗಭೂಮಿ ತನ್ನ ಬಲದ ಮೇಲೆ ತಾನು ನಿಲ್ಲುವುದೆಂದರೆ ಇದು. ನಿರ್ದೇಶನ ಮತ್ತು ವಸ್ತ್ರವಿನ್ಯಾಸ ಎರಡಕ್ಕೂ ಹೋಲ್ಡರ್ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಅತ್ಯುತ್ತಮ ಸಂಗೀತ ನಾಟಕ ಪ್ರಶಸ್ತಿಯೂ ಸೇರಿ 1975ರಲ್ಲಿ ನಾಟಕ ಗೆದ್ದದ್ದು ಒಟ್ಟು 7 ಟೋನಿಗಳನ್ನು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕೆನಿಸುತ್ತದೆ: ಈ ನಾಟಕ ಬದುಕಿ ಉಳಿದದ್ದಾದರೂ ಹೇಗೆ? 1974ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಪ್ರಾಯೋಗಿಕ ಪ್ರದರ್ಶನ ಆರಂಭವಾದಾಗ ನಿರ್ದೇಶಕರು ಗಿಲ್ಬರ್ಟ್ ಮೋಸೆಸ್; ವಸ್ತ್ರವಿನ್ಯಾಸಕ್ಕೆಂದು ಬಂದಿದ್ದ ಹೋಲ್ಡರ್ ನಿರ್ದೇಶನದ ಹೊಣೆ ಹೊತ್ತದ್ದು ನಡುದಾರಿಯಲ್ಲಿ. 1975ರ ಜನವರಿ 5ರಂದು ಬ್ರಾಡ್‌ವೇಯ ಮೆಜೆಸ್ಟಿಕ್ ರಂಗಮಂದಿರದಲ್ಲಿ ತೆರೆ ಎದ್ದಾಗ ವಿಮರ್ಶಕರ ಅಭಿಪ್ರಾಯ ಹಂಚಿಹೋಗಿತ್ತು, ಟಿಕೆಟ್ ಮಾರಾಟ ಕಳೆಗುಂದಿತ್ತು, ಪ್ರದರ್ಶನ ನಿಲ್ಲಿಸುವ ನೋಟಿಸನ್ನೂ ಅಂಟಿಸಲಾಗಿತ್ತು. ಆದರೆ ಹಣ ಹೂಡಿದ್ದ ಸಿನಿಮಾ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಇನ್ನಷ್ಟು ಹಣ ಕೊಡಲು ಒಪ್ಪಿತು. ‘ಈಸ್ ಆನ್ ಡೌನ್ ದಿ ರೋಡ್’ ಹಾಡಿನ ಟಿವಿ ಜಾಹೀರಾತು ಪ್ರಸಾರವಾಯಿತು. ಬ್ರಾಡ್‌ವೇ ಅದುವರೆಗೆ ಹೆಚ್ಚಾಗಿ ಕಡೆಗಣಿಸಿದ್ದ ಕಪ್ಪು ಪ್ರೇಕ್ಷಕರನ್ನು ಚರ್ಚುಗಳು ಮತ್ತು ಸಮುದಾಯ ಸಂಘಟನೆಗಳ ಮೂಲಕ ನೇರವಾಗಿ ಆಹ್ವಾನಿಸಲಾಯಿತು. ಅವರು ಕುಟುಂಬ ಸಮೇತರಾಗಿ ಬಂದರು. ಡೊರೊತಿಯಾಗಿದ್ದ ಹದಿಹರೆಯದ ಸ್ಟೆಫನಿ ಮಿಲ್ಸ್ ಕೊನೆಯಲ್ಲಿ ‘ಹೋಮ್’ ಹಾಡುವುದನ್ನು ಕೇಳಿದವರು ಊರಿನವರಿಗೆಲ್ಲ ಹೇಳಿದರು. ನಿಂತೇಹೋಗಬೇಕಿದ್ದ ನಾಟಕ 1979ರ ಜನವರಿಯವರೆಗೆ 1,672 ಪ್ರದರ್ಶನ ಕಂಡಿತು.

ಕೊನೆಯದಾಗಿ, 1978ರ ‘ದಿ ವಿಜ್’ ಸಿನಿಮಾವನ್ನು ಮಾತ್ರ ನೋಡಿ ನಾಟಕವನ್ನು ಅಳೆಯಬೇಡಿ ಎಂದು ವಿನಂತಿಸುತ್ತೇನೆ. ನಾಟಕದ ಡೊರೊತಿ ಪುಸ್ತಕದಲ್ಲಿರುವಂತೆ ಕ್ಯಾನ್ಸಾಸ್‌ನ ಬಾಲೆ. ಸಿಡ್ನಿ ಲುಮೆಟ್ ನಿರ್ದೇಶನದ ಸಿನಿಮಾದಲ್ಲಿ ಆಕೆ ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ 24 ವರ್ಷದ ಶಿಕ್ಷಕಿ. ಆಜ್ ಲೋಕ ವಿಲಕ್ಷಣಗೊಂಡ ನ್ಯೂಯಾರ್ಕ್ ಆಗಿದೆ. ಡಯಾನಾ ರಾಸ್ ಡೊರೊತಿಯಾಗಿ, ಮೈಕಲ್ ಜಾಕ್ಸನ್ ಬೆದರುಬೊಂಬೆಯಾಗಿ ನಟಿಸಿದ ಆ ಚಿತ್ರ ಹಾಕಿದ ಬಂಡವಾಳವನ್ನು ಮರಳಿ ಗಳಿಸಲಿಲ್ಲ. ಅದಕ್ಕೆ ಅದರದೇ ಸೊಗಸಿದೆ, ವಿಶೇಷವಾಗಿ ಜಾಕ್ಸನ್ ಅವರ ಅಭಿನಯದಲ್ಲಿ. ಆದರೆ ಪ್ರಮುಖ ಪಾತ್ರಗಳಲ್ಲಿ ಮೂಲ ರಂಗತಂಡದಿಂದ ಅಲ್ಲಿಗೆ ಬಂದವರು ಸಿಂಹದ ಟೆಡ್ ರಾಸ್ ಮತ್ತು ಎವಿಲೀನ್ ಆಗಿದ್ದ ಮೇಬಲ್ ಕಿಂಗ್, ಇಬ್ಬರೇ. ನಾಟಕದ ರುಚಿ ಬೇಕಿದ್ದವರು ಮೊದಲು ಮೂಲ ರಂಗತಂಡದ ಧ್ವನಿಮುದ್ರಣವನ್ನು ಕೇಳಿ, ಬಾಮ್‌ನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸಿನಿಮಾ, ಅದು 1939ರದ್ದಾಗಲಿ 1978ರದ್ದಾಗಲಿ, ಆಮೇಲೆ ನೋಡಿದರಾಯಿತು.