ಮೊದಲು ಮಲ್ಟಿಮೀಟರ್, ಆಮೇಲೆ ಕಿವಿ

ಹೋದ ತಿಂಗಳು ಸಿರುಗುಪ್ಪ ಕಡೆಯ ಹುಡುಗನೊಬ್ಬ ಬಳ್ಳಾರಿಯ ನನ್ನ ಸ್ಟುಡಿಯೋಗೆ ಬಂದಿದ್ದ. ಊರ ಭಜನಾ ಮಂಡಳಿಯ ಪದಗಳು, ಜಾತ್ರೆಯ ಬಯಲಾಟ, ಹೀಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾನೆ. ಒಳ್ಳೆಯ ಕಿವಿ, ಕೆಲಸದಲ್ಲಿ ಆಸೆ. ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿಟ್ಟುಕೊಂಡಿದ್ದ. "ಅಣ್ಣಾ, ನನ್ನ ಇಂಟರ್‌ಫೇಸ್ ಮಾರಿ ದೊಡ್ಡ ಕನ್ವರ್ಟರ್ ತಗೊಂಡ್ರೆ ಸೌಂಡ್ ಬದಲಾಗುತ್ತಾ?" ಅಂದ. ಇಂಟರ್‌ಫೇಸ್ ಅಂದರೆ ಮೈಕು, ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ.

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹೌದು, ಇಲ್ಲ ಅನ್ನುವುದನ್ನು ಬಿಟ್ಟು ಬಹಳ ದಿನ ಆಯಿತು. ಎರಡೂ ಡಬ್ಬಿ ತಗೊಂಡು ಬಾ, ಜೊತೆಗೆ ಒಂದು ಮಲ್ಟಿಮೀಟರ್ ತಾ ಅನ್ನುತ್ತೇನೆ. ಮಲ್ಟಿಮೀಟರ್ ಯಾಕೆ ಅಂತ ಎಲ್ಲರೂ ಮುಖ ನೋಡುತ್ತಾರೆ. ಅದಕ್ಕೊಂದು ಕಥೆಯಿದೆ, ನಾನೇ ಪೆಚ್ಚಾದ ಕಥೆ.

ಅದಕ್ಕೆ ಮೊದಲು ಎರಡು ಮಾತು. ಮೈಕಿನಿಂದ ಬರುವುದು ಏರಿಳಿಯುವ ವೋಲ್ಟೇಜ್. ಅದನ್ನು ಸೆಕೆಂಡಿಗೆ 44,100 ಸಲ ಅಥವಾ 48,000 ಸಲ ಅಳೆದು ಅಂಕಿ ಮಾಡುವುದು ಒಂದು ಕನ್ವರ್ಟರ್. ಅಂಕಿಯನ್ನು ಮತ್ತೆ ವೋಲ್ಟೇಜ್ ಮಾಡಿ ಸ್ಪೀಕರಿನ ಕಡೆ ಕಳಿಸುವುದು ಇನ್ನೊಂದು. ನಿಮ್ಮ ಇಂಟರ್‌ಫೇಸ್ ಡಬ್ಬಿಯಲ್ಲಿ ಎರಡೂ ಇರುತ್ತವೆ. ಅಂಕಿಗಳ ನಡುವಿನ ದನಿ ಕಳೆದುಹೋಗುತ್ತದೆ, ಅಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ ಅಂತ ಚಿತ್ರ ಬಿಡಿಸಿ ತೋರಿಸುವವರಿದ್ದಾರಲ್ಲ, ಅದು ತಪ್ಪು. ಅಳೆಯುವ ವೇಗದ ಅರ್ಧಕ್ಕಿಂತ ಕೆಳಗಿನ ಫ್ರೀಕ್ವೆನ್ಸಿ ಎಲ್ಲವೂ ಪೂರ್ತಿಯಾಗಿ, ನುಣುಪಾಗಿಯೇ ವಾಪಸ್ ಬರುತ್ತದೆ. 44,100ರ ಅರ್ಧ 22,050. ನಮ್ಮ ಕಿವಿಯ ಮೇಲಿನ ಗಡಿ 20,000 ಹರ್ಟ್ಜ್, ಅದೂ ಎಳೆ ವಯಸ್ಸಿನಲ್ಲಿ.

ಹಾಗಾದರೆ ಕನ್ವರ್ಟರ್‌ಗಳಲ್ಲಿ ಫರಕ್ಕೇ ಇರಲಿಲ್ಲವಾ? ಇತ್ತು. 1982ರಲ್ಲಿ ಸಿಡಿ ಪ್ಲೇಯರ್ ಬಂದಾಗ ಸೋನಿ ಕಂಪನಿಯ ಮೊದಲ ಪ್ಲೇಯರಿನಲ್ಲಿ ಒಂದೇ 16 ಬಿಟ್ (ಬಿಟ್ ಜಾಸ್ತಿಯಾದಷ್ಟೂ ಅಳತೆ ಸೂಕ್ಷ್ಮ) ಕನ್ವರ್ಟರ್ ಎಡಕ್ಕೂ ಬಲಕ್ಕೂ ಸರದಿಯಲ್ಲಿ ಕೆಲಸ ಮಾಡುತ್ತಿತ್ತು. ಫಿಲಿಪ್ಸ್‌ನವರು 14 ಬಿಟ್ ಚಿಪ್ ಹಾಕಿ, ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ಆ ಕೊರತೆ ತುಂಬಿಕೊಂಡರು. ಆ ಕಾಲದ ಕೆಲವು ಡಬ್ಬಿಗಳಲ್ಲಿ ತೀರಾ ಮೆಲ್ಲನೆಯ ದನಿ ಒರಟಾಗುತ್ತಿತ್ತು, ಕಡಿದಾದ ಅನಲಾಗ್ ಫಿಲ್ಟರುಗಳು ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದವು. "ಡಿಜಿಟಲ್ ಅಂದ್ರೆ ಒಣಕಲು" ಅನ್ನುವ ಮಾತು ಹುಟ್ಟಿದ್ದು ಆಗ. ಇವತ್ತು ಕೆಲವೇ ಸಾವಿರಕ್ಕೆ ಸಿಗುವ ಡಬ್ಬಿಯ ಚಿಪ್ಪು ಆಗಿನ ದೊಡ್ಡ ಸ್ಟುಡಿಯೋ ಯಂತ್ರಗಳಿಗಿಂತ ಶಾಂತ. ಮಾತು ಮಾತ್ರ ಹಾಗೇ ಉಳಿದಿದೆ.

ಈಗ ಆ ರಾತ್ರಿಯ ಕಥೆ.

ನನ್ನ ಸ್ಟುಡಿಯೋ ಕೌಲ್ ಬಜಾರ್ ಕಡೆ, ಜೀನ್ಸ್ ಹೊಲಿಯುವ ಯೂನಿಟ್ಟಿನ ಮೇಲಿನ ಮಹಡಿ. ಹಗಲು ಕೆಳಗಿನ ಮಿಷನ್ನುಗಳ ನಡುಕ ಮೈಕ್ ಸ್ಟ್ಯಾಂಡಿಗೇ ಹತ್ತುತ್ತದೆ, ಹಾಗಾಗಿ ಗಂಭೀರ ಕೆಲಸವೆಲ್ಲ ರಾತ್ರಿ ಒಂಬತ್ತರ ಮೇಲೆ. ಗೆಳೆಯನೊಬ್ಬ ಹೊಸದಾಗಿ ತಂದ ದುಬಾರಿ ಕನ್ವರ್ಟರ್ ಹಿಡಿದುಕೊಂಡು ಬಂದ. ಬೆಲೆ ನನ್ನ ಡಬ್ಬಿಯ ಎಂಟು ಪಟ್ಟು. ನಾವು ಮೂವರು ಕೂತೆವು. ಒಂದು ತತ್ವಪದದ ರೆಕಾರ್ಡಿಂಗ್, ಹಾರ್ಮೋನಿಯಂ, ತಬಲಾ, ತಾಳ. ಮೊದಲು ನನ್ನದರಲ್ಲಿ, ಆಮೇಲೆ ಅವನದರಲ್ಲಿ. ಮೂವರೂ ಒಂದೇ ಸಲ ತಲೆಯಾಡಿಸಿದೆವು. "ತಬಲಾದ ಡಗ್ಗಾಕ್ಕೆ ತೂಕ ಬಂತು" ಅಂದ ಒಬ್ಬ. "ದನಿ ಮುಂದೆ ಬಂದು ಕೂತಿತು" ಅಂದ ಇನ್ನೊಬ್ಬ. ನಾನು ಸುಮ್ನಿರದೆ "ತಾಳದ ಸುತ್ತ ಗಾಳಿ ಆಡ್ತಿದೆ ನೋಡು" ಅಂದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನ ಬಾಯಲ್ಲಿ ಬಂದ ಮಾತು ಅದು.

ಬೆಳಿಗ್ಗೆ ಯಾಕೋ ಸಮಾಧಾನ ಆಗಲಿಲ್ಲ. ಒಂದೇ ಫ್ರೀಕ್ವೆನ್ಸಿಯ ಸಾದಾ ದನಿ, ಸೈನ್ ಟೋನ್ ಬಿಟ್ಟು ಎರಡೂ ಡಬ್ಬಿಯ ಔಟ್‌ಪುಟ್ಟಿಗೆ ಮೀಟರ್ ಹಿಡಿದೆ. ನನ್ನದು 1.23 ವೋಲ್ಟ್. ಅವನದು 1.31. ದನಿಯ ಜೋರು ಅಳೆಯುವ ಡೆಸಿಬೆಲ್ ಲೆಕ್ಕ ಹಾಕಿದರೆ ಅರ್ಧ ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟೇ! ಅರ್ಧ ಡೆಸಿಬೆಲ್ ಜೋರಾದರೆ ಕಿವಿಗೆ ಅದು 'ಜೋರು' ಅಂತ ಕೇಳಿಸುವುದೇ ಇಲ್ಲ, ಅದೇ ಇದರ ಮೋಸ. ತೂಕ ಅಂತ ಕೇಳಿಸುತ್ತದೆ, ಗಾಳಿ ಅಂತ ಕೇಳಿಸುತ್ತದೆ, ದನಿ ಮುಂದೆ ಬಂದ ಹಾಗೆ ಕೇಳಿಸುತ್ತದೆ. ಅವನದರ ನಾಬ್ ಇಳಿಸಿ ಎರಡನ್ನೂ 1.23ಕ್ಕೆ ತಂದೆ, ಮತ್ತೆ ಮೂವರೂ ಕೂತೆವು. ಈ ಸಲ ಯಾವುದು ಯಾವುದು ಅಂತ ಕೇಳುವವನಿಗೆ ಗೊತ್ತಿಲ್ಲದ ಹಾಗೆ, ಒಬ್ಬೊಬ್ಬರಿಗೂ 16 ಸುತ್ತು. ಬಂದ ಉತ್ತರ: 9, 7, 10. ಮೂವರದೂ ಸೇರಿ 48ಕ್ಕೆ 26. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಗೆಳೆಯ ಎರಡು ದಿನ ಫೋನ್ ಎತ್ತಲಿಲ್ಲ.

ಅದಕ್ಕೇ ಮಲ್ಟಿಮೀಟರ್. ಅದರಲ್ಲೂ ಒಂದು ಸೂಕ್ಷ್ಮ ಇದೆ. ವೈರಿಂಗ್‌ನವರ ಹತ್ತಿರ ಇರುವ ಅಗ್ಗದ ಹಳದಿ ಮೀಟರಿನಲ್ಲಿ ಎಸಿ, ಅಂದರೆ ಏರಿಳಿಯುವ ವೋಲ್ಟೇಜಿನ ಅಳತೆ ಶುರುವಾಗುವುದೇ 200 ವೋಲ್ಟ್ ರೇಂಜಿನಿಂದ, ಅದರಲ್ಲಿ 1.23ಕ್ಕೂ 1.31ಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಎಸಿ 2 ವೋಲ್ಟ್ ರೇಂಜ್ ಇರುವುದು ಬೇಕು. ಅಗ್ಗದ ಮೀಟರುಗಳು 1000 ಹರ್ಟ್ಜ್‌ನಲ್ಲಿ ಸರಿಯಾಗಿ ಅಳೆಯುವುದಿಲ್ಲ, 400ರ ಒಳಗಿನ ಟೋನ್ ಹಾಕಿ. ಮೀಟರ್ ಸ್ವಲ್ಪ ಸುಳ್ಳು ಹೇಳಿದರೂ ಎರಡೂ ಡಬ್ಬಿಗೆ ಒಂದೇ ಸುಳ್ಳು ಹೇಳುತ್ತದೆ, ನಮಗೆ ಅಷ್ಟು ಸಾಕು. ಎರಡರ ನಡುವೆ 0.1 ಡೆಸಿಬೆಲ್‌ಗಿಂತ ಜಾಸ್ತಿ ಅಂತರ ಇರಬಾರದು, ಅಂದರೆ ವೋಲ್ಟೇಜಿನಲ್ಲಿ ನೂರಕ್ಕೆ ಒಂದರಷ್ಟು. ಎಡ ಬಲ ಎರಡೂ ಚಾನೆಲ್ ಅಳೆಯಿರಿ. ನಾಬುಗಳು ಒಂದೇ ಗುರುತಿನಲ್ಲಿವೆ ಅಂದರೆ ಲೆವೆಲ್ ಒಂದೇ ಅಂತಲ್ಲ. ಒಂದೊಂದು ಕಂಪನಿ ಡಿಜಿಟಲ್ ಪೂರ್ತಿ ಮಟ್ಟಕ್ಕೆ ಒಂದೊಂದು ವೋಲ್ಟೇಜ್ ಇಟ್ಟಿರುತ್ತದೆ.

ಆಮೇಲೆ ಕಣ್ಣು. ಯಾವ ಡಬ್ಬಿ ಓಡುತ್ತಿದೆ ಅಂತ ಗೊತ್ತಿದ್ದರೆ ಕಿವಿ ಬೆಲೆಪಟ್ಟಿ ಓದುತ್ತದೆ, ಇದಕ್ಕೆ ನಾನೂ ಹೊರತಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು, ಡೇವಿಡ್ ಕ್ಲಾರ್ಕ್ 1982ರಲ್ಲಿ ಅದನ್ನೇ ಆಡಿಯೋ ಡಬ್ಬಿಗಳಿಗೆ ಒಗ್ಗಿಸಿ ಬರೆದರು. ಎಬಿಎಕ್ಸ್ ಅನ್ನುತ್ತಾರೆ. ಎ ಕೇಳು, ಬಿ ಕೇಳು, ಈಗ ಎಕ್ಸ್ ಕೇಳು. ಎಕ್ಸ್ ಯಾವುದು? ಬೇಕಾದಷ್ಟು ಸಲ ತಿರುಗಿಸಿ ಕೇಳು, ಅವಸರ ಇಲ್ಲ. ಯಾವುದು ಚೆಂದ ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ಗುರುತು ಹಿಡಿಯುತ್ತೀಯಾ ಅಂತ ಮಾತ್ರ. ಗುರುತೇ ಸಿಗದಿದ್ದರೆ ಚೆಂದದ ಮಾತು ಯಾಕೆ, ಅಲ್ವಾ?

ನಮ್ಮಲ್ಲಿ ಮಾಡುವುದು ಹೀಗೆ. ಎರಡೂ ಡಬ್ಬಿಗೆ ಒಂದೇ ಹಾಡು ಒಂದೇ ಹೊತ್ತಿಗೆ ಹೋಗುತ್ತದೆ, ಔಟ್‌ಪುಟ್ ಒಂದು ಸಾದಾ ಸ್ವಿಚ್ಚಿಗೆ. ಸ್ವಿಚ್ ತಿರುಗಿಸುವವನು ಪರದೆ ಹಿಂದೆ, ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ ಬಂದ ಹಾಗೆ ಹಾಕಿ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಅವನು ಮಾತಾಡಬಾರದು, ಕೆಮ್ಮಲೂ ಬಾರದು. ಒಮ್ಮೆ ನಮ್ಮ ಹುಡುಗ ದುಬಾರಿ ಡಬ್ಬಿ ಹಾಕುವಾಗಲೆಲ್ಲ ಸ್ವಿಚ್ ಸ್ವಲ್ಪ ನಿಧಾನಕ್ಕೆ ತಿರುಗಿಸುತ್ತಿದ್ದ, ಕೇಳುವವನು ಆ 'ಟಕ್' ಹಿಡಿದೇ 14 ಸರಿ ಹೇಳಿದ್ದ. ಕೇಳಿಸುವ ತುಣುಕು ಚಿಕ್ಕದಿರಲಿ, ಹತ್ತು ಸೆಕೆಂಡ್ ಸಾಕು. ದನಿಯ ಸೂಕ್ಷ್ಮ ನೆನಪು ಕೆಲವು ಸೆಕೆಂಡ್ ಮೀರಿ ಉಳಿಯುವುದಿಲ್ಲ. ಹೋದ ವಾರ ಇನ್ನೊಬ್ಬರ ಮನೆಯಲ್ಲಿ ಕೇಳಿದ್ದಕ್ಕೆ ಹೋಲಿಸುವುದು ಬರೀ ಹರಟೆ.

ಎಷ್ಟು ಸುತ್ತು ಅನ್ನುವುದನ್ನು ಮೊದಲೇ ಬರೆದಿಡಿ. 16 ಸುತ್ತಿನಲ್ಲಿ ಸುಮ್ನೆ ಊಹಿಸಿದವನಿಗೂ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 4. ಹಾಗಾಗಿ 12 ಬಂದರೆ ಏನೋ ಇದೆ ಅನ್ನಬಹುದು. ಆದರೆ ಹತ್ತು ಜನ ಕೂತು ಹತ್ತೂ ಜನ ಊಹಿಸಿದರೆ, ಅವರಲ್ಲಿ ಒಬ್ಬನಾದರೂ 12 ಮುಟ್ಟುವ ಸಾಧ್ಯತೆ ಮೂರಕ್ಕೆ ಒಂದರ ಹತ್ತಿರ ಬರುತ್ತದೆ. ಆ ಒಬ್ಬನನ್ನು ಹೆಗಲ ಮೇಲೆ ಹೊತ್ತು ಕುಣಿಯುವ ಮೊದಲು ಅವನೊಬ್ಬನನ್ನೇ ಇನ್ನೊಂದು 16 ಸುತ್ತು ಕೂರಿಸಿ.

ರೆಕಾರ್ಡ್ ಮಾಡುವ ಕಡೆಯ ಕನ್ವರ್ಟರ್ ಪರೀಕ್ಷೆ ಇದಕ್ಕಿಂತ ಕಷ್ಟ. ಒಂದು ಸಲ ಈ ಡಬ್ಬಿಗೆ ಹಾಡಿಸಿ, ಇನ್ನೊಂದು ಸಲ ಆ ಡಬ್ಬಿಗೆ ಹಾಡಿಸಿದರೆ ನೀವು ಅಳೆಯುವುದು ಹಾಡುಗಾರನನ್ನು. ಎರಡನೇ ಸಲ ಗಂಟಲು ಬಿಸಿಯಾಗಿರುತ್ತದೆ, ಚಹಾ ಕುಡಿದಿರುತ್ತಾನೆ, ಮೈಕಿಗೆ ಎರಡು ಇಂಚು ಹತ್ತಿರ ಬಂದಿರುತ್ತಾನೆ. ಒಂದು ಮೈಕ್, ಅದರ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ ಒಂದು ಪ್ರೀಆಂಪ್, ಅಲ್ಲಿಂದ ಕವಲೊಡೆದು ಎರಡೂ ಕನ್ವರ್ಟರಿನ ಲೈನ್ ಇನ್‌ಪುಟ್ಟಿಗೆ, ಒಂದೇ ಹಾಡು, ಒಂದೇ ಹೊತ್ತು. ಡಬ್ಬಿಯೊಳಗಿನ ಪ್ರೀಆಂಪ್ ಬಳಸಿದಿರೋ, ಫರಕ್ಕು ಬಂದರೂ ಅದು ಕನ್ವರ್ಟರಿನದಲ್ಲ, ಪ್ರೀಆಂಪಿನದು. ಆಮೇಲೆ ಎರಡೂ ಫೈಲಿನ ಲೆವೆಲ್ ಸಮ ಮಾಡಿ, ಇನ್ನೊಬ್ಬರಿಂದ ಹೆಸರು ಬದಲಾಯಿಸಿಕೊಂಡು ಕೇಳಿ.

ಫೈಲುಗಳಲ್ಲಿ ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸುವ, ಎರಡೂ ಒಂದೇ ಇದ್ದರೆ ಸದ್ದೇ ಉಳಿಯದ ನಲ್ ಟೆಸ್ಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಒಳ್ಳೆಯದೇ, ಆದರೆ ಎರಡು ಡಬ್ಬಿಗೆ ಅಳೆಯುವ ವೇಗ ಕಾಯುವ ಎರಡು ಗಡಿಯಾರ ಇರುತ್ತವೆ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೂ ಒಂದು ನಿಮಿಷಕ್ಕೆ 26 ಸ್ಯಾಂಪಲ್‌ನಷ್ಟು, ಅಂದರೆ 26 ಅಳತೆಯಷ್ಟು ಜಾರಿರುತ್ತದೆ. ಆಗ ಉಳಿಯುವ ಸದ್ದು ಗುಣಮಟ್ಟದ್ದಲ್ಲ, ಬರೀ ಹೊತ್ತಿನ ಜಾರಿಕೆ. ನನಗೆ ಇಷ್ಟವಾದ ಪರೀಕ್ಷೆ ಬೇರೆ. ಒಂದು ಫೈಲನ್ನು ನಿಮ್ಮ ಡಬ್ಬಿಯ ಔಟ್‌ಪುಟ್ಟಿನಿಂದ ಅದೇ ಡಬ್ಬಿಯ ಇನ್‌ಪುಟ್ಟಿಗೆ ಸುತ್ತಿ ರೆಕಾರ್ಡ್ ಮಾಡಿ, ಬಂದದ್ದನ್ನು ಮತ್ತೆ ಸುತ್ತಿ, ಹೀಗೆ ಹತ್ತು ಸಲ, ಪ್ರತಿ ಸಲವೂ ಲೆವೆಲ್ ಸಮ ಮಾಡುತ್ತಾ. ಡಬ್ಬಿಗೆ ಬಣ್ಣ ಇದ್ದರೆ, ಅಂದರೆ ದನಿಗೆ ಅದು ತನ್ನದೇನಾದರೂ ಸೇರಿಸುತ್ತಿದ್ದರೆ, ಹತ್ತು ಪಟ್ಟಾಗಿ ಕಾಣಿಸುತ್ತದೆ. ನನ್ನ ಹಳೆಯ ಡಬ್ಬಿಯಲ್ಲಿ ಐದನೇ ಸುತ್ತಿನವರೆಗೂ ನನಗೆ ಗುರುತು ಸಿಗಲಿಲ್ಲ. ಹತ್ತನೇದರಲ್ಲಿ ತಾಳ ಸ್ವಲ್ಪ ಮಂಕಾಗಿತ್ತು, ಹಿಂದೆ ಸಣ್ಣ ಹಿಸ್ ಇತ್ತು.

ಹಾಗಂತ ಎಲ್ಲ ಡಬ್ಬಿಯೂ ಒಂದೇ ಅಂತ ನಾನು ಆಣೆ ಮಾಡುವುದಿಲ್ಲ. ಕೆಲವದರಲ್ಲಿ ಫಿಲ್ಟರ್ ಆಯ್ಕೆ ಇರುತ್ತದೆ, ನಿಧಾನಕ್ಕೆ ಇಳಿಯುವ ಫಿಲ್ಟರ್ ಹಾಕಿದರೆ ತೀರಾ ಮೇಲಿನ ಫ್ರೀಕ್ವೆನ್ಸಿ ಸ್ವಲ್ಪ ಕುಗ್ಗುತ್ತದೆ, ಎಳೆ ಕಿವಿಗೆ ಸಿಕ್ಕರೂ ಸಿಗಬಹುದು. ನನ್ನ ಕಿವಿ ಈಗ 13,000ದ ಮೇಲೆ ರಜೆಯಲ್ಲಿದೆ. ಬೇಕಂತಲೇ ಬಣ್ಣ ಹಾಕಿ ಮಾಡಿದ ವಾಲ್ವ್ ಡಬ್ಬಿಗಳು ಬೇರೆಯಾಗಿಯೇ ಕೇಳುತ್ತವೆ. ಮತ್ತೆ, ಒಬ್ಬನಿಗೆ 16ರಲ್ಲಿ 9 ಬಂತು ಅಂದರೆ ಫರಕ್ಕೇ ಇಲ್ಲ ಅಂತ ಸಾಬೀತಾಗುವುದಿಲ್ಲ. ಆ ರಾತ್ರಿ, ಆ ಸ್ಪೀಕರಿನಲ್ಲಿ, ಅವನಿಗೆ ಸಿಗಲಿಲ್ಲ, ಅಷ್ಟು. ಆದರೆ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆ ನೋಡಿ. ಹೈ ರೆಸಲ್ಯೂಷನ್ ಡಿಸ್ಕಿನ ದನಿಯನ್ನು ನಡುವೆ 16 ಬಿಟ್, 44,100ರ ಕನ್ವರ್ಟರ್ ಮೂಲಕ ಹಾಯಿಸಿ, ಫರಕ್ಕು ಗುರುತಾಗುತ್ತದಾ ಅಂತ ನೋಡಿದರು. 554 ಸುತ್ತಿನಲ್ಲಿ ಸರಿ ಬಂದದ್ದು 276, ಹೆಚ್ಚುಕಡಿಮೆ ಅರ್ಧ.

ನಮ್ಮ ಕಡೆ ದನಿ ಕೆಡಿಸುವವರು ಬೇರೆಯೇ ಇದ್ದಾರೆ. ರಾಯಚೂರು ಕಡೆಯ ಒಬ್ಬರು ತಮ್ಮ ಇಂಟರ್‌ಫೇಸಿನಲ್ಲಿ "ಡಿಜಿಟಲ್ ಕಿರಿಕಿರಿ" ಅಂತ ಕನ್ವರ್ಟರ್ ಬದಲಿಸಲು ಹೊರಟಿದ್ದರು. ಹೋಗಿ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಕಿರಿಕಿರಿ ಹೋಯಿತು. ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಕರೆಂಟ್ ಹೋದಾಗ ಅಗ್ಗದ ಇನ್ವರ್ಟರ್ ಚೌಕ ಅಲೆ ಕೊಡುತ್ತದೆ, ಅದರ ಗುಂಯ್ ಎಲ್ಲದರೊಳಗೂ ನುಗ್ಗುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಫ್ಯಾನ್ ಬಂದ್ ಮಾಡಿ ಹಾಡಿಸಿ ನೋಡಿ, ಮೂರನೇ ಟೇಕಿಗೆ ಹಾರ್ಮೋನಿಯಂನವರು ಎದ್ದು ಹೋಗುತ್ತಾರೆ. ಫ್ಯಾನ್ ಓಡುವ ಕೋಣೆಯಲ್ಲಿ ಹಾಡಿನ ಜೋರಿಗೂ ಕೋಣೆಯ ಗದ್ದಲಕ್ಕೂ ನಡುವೆ 50 ಡೆಸಿಬೆಲ್ ಸಿಕ್ಕರೆ ಪುಣ್ಯ. ಸಾದಾ 16 ಬಿಟ್ಟೇ 96 ಕೊಡುತ್ತದೆ. ಅಂಥಲ್ಲಿ 120 ಡೆಸಿಬೆಲ್‌ನ ಡಬ್ಬಿಗೆ ದುಡ್ಡು ಸುರಿದು ಏನು ಕೇಳುತ್ತೀರಿ, ಫ್ಯಾನಿನ ರೆಕ್ಕೆ ಎಣಿಸುತ್ತೀರಾ? ನಾನು ದುಬಾರಿ ಡಬ್ಬಿ ಕೊಳ್ಳುವುದಿದ್ದರೆ ಗಟ್ಟಿ ಡ್ರೈವರ್, ಜಾಸ್ತಿ ಇನ್‌ಪುಟ್, ಹತ್ತಿರದಲ್ಲಿ ಸರ್ವಿಸ್ ನೋಡಿ ಕೊಳ್ಳುತ್ತೇನೆ.

ಸಿರುಗುಪ್ಪದ ಹುಡುಗ ಹೋದ ಭಾನುವಾರ ಯಾರದೋ ದೊಡ್ಡ ಕನ್ವರ್ಟರ್ ಎರವಲು ತಂದ. ಮೀಟರನ್ನೂ ತಂದಿದ್ದ, 2 ವೋಲ್ಟ್ ರೇಂಜಿನದೇ. ಲೆವೆಲ್ ಸಮ ಮಾಡಿದೆವು, 16 ಸುತ್ತು ಅಂತ ಬರೆದೆವು, ಸೋತವರು ಒಗ್ಗರಣೆ ಮಿರ್ಚಿ ಕೊಡಿಸಬೇಕು ಅಂತ ಪಂದ್ಯ. ಹನ್ನೊಂದನೇ ಸುತ್ತು ಮುಗಿದಾಗ ಕರೆಂಟ್ ಹೋಯಿತು. ಚೀಟಿ ನೋಡಿದರೆ 11ಕ್ಕೆ 8 ಸರಿ. "ಗೆದ್ದೆ ಅಣ್ಣಾ, ಇಲ್ಲಿಗೇ ನಿಲ್ಲಿಸೋಣ" ಅಂದ. ಆಗಲ್ಲ ಅಂದೆ. ಚೆನ್ನಾಗಿ ನಡೆಯುವಾಗ ನಿಲ್ಲಿಸುವ ಹಾಗಿದ್ದರೆ ನನಗೂ ಎಷ್ಟೋ ಸಲ ಗೆಲ್ಲಲು ಬರುತ್ತಿತ್ತು. ಇನ್ವರ್ಟರ್ ಮೇಲೆ ಉಳಿದ ಐದು ಸುತ್ತು ಮಾಡೋಣ ಅಂದ, ಅದೂ ಆಗಲ್ಲ ಅಂದೆ. ಬರುವ ಭಾನುವಾರ ಮತ್ತೆ ಒಂದರಿಂದ ಶುರು. ಮಿರ್ಚಿಯನ್ನು ಮಾತ್ರ ಅವತ್ತೇ ತಿಂದೆವು, ದುಡ್ಡು ಅರ್ಧ ಅರ್ಧ.